ಇಲ್ಲದ ನೀರುನಾಯಿ

“ಬಾಗಿಲು ಹಾಕಿ. ಚಿಲಕಾನೂ ಹಾಕಿ,” ಎಂದ ಪಶುವೈದ್ಯ. “ನೀವು ಒಳಗೆ ಬಂದಿದ್ದು ಯಾರ ಕಣ್ಣಿಗಾದ್ರೂ ಬಿದ್ರೆ, ನಾಳೆಯಿಂದ ಯಾರೂ ಒಂದು ಕರೂನೂ ನನ್ನ ಹತ್ರ ಹಿಡ್ಕೊಂಡು ಬರಲ್ಲ.”

ಜಿಗಣೆ ಮೇಡಂ ಚಿಲಕ ಹಾಕಿದಳು. ಪೊಲೀಸ್ ಇಲಾಖೆಯಲ್ಲಿದ್ದಾಗ ಜೊತೆಯವರು ಇಟ್ಟ ಹೆಸರು ಅದು. ಕಚ್ಚಿದರೆ ಬಿಡುವವಳಲ್ಲ ಎಂದು. ಆಕೆ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದರೂ ಹೆಸರು ಆಕೆಯನ್ನು ಬಿಟ್ಟಿರಲಿಲ್ಲ.

ಈ ಊರಿನ ಜೌಗಿನಲ್ಲಿ ಸರ್ಕಾರಿ ಸಮೀಕ್ಷಕನೊಬ್ಬ ಬೋರಲಾಗಿ ತೇಲುತ್ತಿದ್ದುದು, ಕಾಲು ಜಾರಿ ಸತ್ತ ಎಂದು ಊರೆಲ್ಲ ಹೇಳಿದ್ದು, ಅದನ್ನು ನಂಬದ ಅವನ ಅಕ್ಕ ಜಿಗಣೆ ಮೇಡಂಳನ್ನು ಕರೆಸಿದ್ದು, ಎಲ್ಲ ಹಿಂದಿನ ವಾರದ ಮಾತು.

ವೈದ್ಯ ಔಷಧಿ ಬೀರುವಿನ ಹಿಂದಿನಿಂದ ಒಂದು ಸ್ಟೀಲಿನ ತಟ್ಟೆ ತೆಗೆದ. ಜೌಗಿನ ಬಂಡೆಗಳ ಮೇಲಿಂದ ಆಕೆಯೇ ಕೆರೆದು ತಂದುಕೊಟ್ಟಿದ್ದ ಹಿಕ್ಕೆ ಅದರಲ್ಲಿತ್ತು. ಅವನು ಅದನ್ನು ತೊಳೆದು, ಸೋಸಿ, ಒಣಗಿಸಿ ಹರಡಿದ್ದ.

“ನೀರುನಾಯಿದೇ. ಅದರಲ್ಲಿ ಅನುಮಾನ ಬೇಡ.”

“ಮತ್ತೆ ಮುಖ ಯಾಕೆ ಹಾಗೆ ಮಾಡ್ಕೊಂಡಿದ್ದೀರಿ?”

ವೈದ್ಯ ಚಿಮಟದಿಂದ ಒಂದು ಪುಟ್ಟ ಮೂಳೆ ಎತ್ತಿ ಬೆಳಕಿಗೆ ಹಿಡಿದ. “ಅದು ತಿಂದಿರೋದು ಈ ಜೌಗಿನ ಮೀನಲ್ಲ. ಇದು ಬಂಗುಡೆ. ಸಮುದ್ರದ್ದು.”

ಸಮುದ್ರವೆಂದರೆ ಅಲ್ಲಿಂದ ಇಡೀ ರಾತ್ರಿಯ ರೈಲು ಪ್ರಯಾಣ.

“ನೀರುನಾಯಿ ರೈಲು ಹತ್ತಿ ಹೋಗಿ ಊಟ ಮುಗಿಸ್ಕೊಂಡು ಬಂತಾ?”

ವೈದ್ಯ ನಗಲಿಲ್ಲ. ತಟ್ಟೆಯನ್ನು ಕಿಟಕಿಯ ಕಡೆ ಓರೆ ಮಾಡಿದ. ಬೂದು ಪುಡಿಯ ನಡುವೆ ಅಲ್ಲಲ್ಲಿ ನೀಲಿ ಚುಕ್ಕೆಗಳು ಫಳಫಳ ಎಂದವು. ಕೇಕಿನ ಮೇಲೆ ಉದುರಿಸುತ್ತಾರಲ್ಲ, ಅಂಥ ಮಿಂಚುಪುಡಿ.

“ನಾನು ಓದುವಾಗ ಒಂದು ವರ್ಷ ಮೃಗಾಲಯದಲ್ಲಿದ್ದೆ,” ಎಂದ. “ಒಂದೇ ಬೋನಲ್ಲಿ ಎರಡು ಮೂರು ಪ್ರಾಣಿ ಇದ್ರೆ ಯಾವುದರ ಹಿಕ್ಕೆ ಯಾವುದು ಅಂತ ಹೇಗೆ ಗೊತ್ತಾಗಬೇಕು? ಒಂದರ ಆಹಾರಕ್ಕೆ ನೀಲಿ ಪುಡಿ ಹಾಕ್ತಾರೆ, ಇನ್ನೊಂದಕ್ಕೆ ಕೆಂಪು. ಕಾಯಿಲೆ ಬಂದ್ರೆ ಯಾವುದಕ್ಕೆ ಅಂತ ಆಗ ತಿಳಿಯುತ್ತೆ.”

“ಅಂದ್ರೆ ಇದು ಮೃಗಾಲಯದಿಂದ ಬಂದಿರೋ ಹಿಕ್ಕೆ. ಯಾರೋ ತಂದು ಬಂಡೆ ಮೇಲೆ ಇಟ್ಟಿದ್ದಾರೆ. ಜೌಗಲ್ಲಿ ನೀರುನಾಯಿ ಇಲ್ಲ.”

ವೈದ್ಯ ಚಿಮಟ ಕೆಳಗಿಟ್ಟ. ಆ ಊರಿನಲ್ಲಿ ನೀರುನಾಯಿ ಎಂದರೆ ಏನೆಂದು ಬಂದ ದಿನವೇ ಆಕೆಗೆ ತಿಳಿದಿತ್ತು. ಜೌಗು, ಕಾಡು, ಹುಲ್ಲುಗಾವಲುಗಳನ್ನು ಹಾಳು ಮಾಡದೆ ಉಳಿಸಿಕೊಂಡ ಊರುಗಳಿಗೆ ಸರ್ಕಾರ ತೆರಿಗೆ ಹಣದಲ್ಲಿ ಹೆಚ್ಚಿನ ಪಾಲು ಕೊಡುತ್ತಿತ್ತು. ಹಸಿರು ಅನುದಾನ ಎಂದು ಅದರ ಹೆಸರು. ಉಳಿಸಿಕೊಂಡಿದ್ದೇವೆ ಎಂದು ಬಾಯಲ್ಲಿ ಹೇಳಿದರೆ ಆಗದು. ಈ ಜೌಗಿಗೆ ಸರ್ಕಾರ ಗೊತ್ತು ಮಾಡಿದ್ದ ಗುರುತು ನೀರುನಾಯಿ. ಅದು ಇದೆ ಎಂದು ಸಮೀಕ್ಷಕ ಬರೆದರೆ ಪುರಸಭೆಗೆ ಹಣ. ಇಲ್ಲ ಎಂದರೆ ಇಲ್ಲ. ಆ ಹಣದಲ್ಲೇ ಊರಿನ ಆಸ್ಪತ್ರೆಗೆ ಡಯಾಲಿಸಿಸ್ ವಿಭಾಗ ಬಂದಿತ್ತು, ಜೌಗಿಗೆ ಕಾವಲುಗಾರರು ಬಂದಿದ್ದರು.

“ಡಾಕ್ಟ್ರೇ, ನಿಮಗಿದು ಮೊದಲೇ ಗೊತ್ತಿತ್ತಾ?”

“ಇವತ್ತಿನವರೆಗೆ ಯಾರೂ ನನ್ನ ಕೇಳಿರಲಿಲ್ಲ.” ಅವನು ತಟ್ಟೆಯನ್ನು ಆಕೆಯ ಕಡೆ ತಳ್ಳಿದ. “ತಗೊಂಡು ಹೋಗಿ. ನಾಳೆ ಹೊಸ ಸಮೀಕ್ಷಕ ಬರ್ತಾನಂತೆ. ಅವನಿಗೆ ತೋರಿಸ್ತೀರೋ, ಚರಂಡಿಗೆ ಸುರೀತೀರೋ ನಿಮಗೆ ಬಿಟ್ಟಿದ್ದು. ಆವತ್ತಿನ ಸಭೆ ಮುಂದಕ್ಕೆ ಹೋಯ್ತು. ನನಗೆ ಗೊತ್ತಿರೋದು ಅಷ್ಟೇ.”

ಚಿಲಕಕ್ಕೆ ಹೋಗಿದ್ದ ಆಕೆಯ ಕೈ ನಿಂತಿತು.

“ನಾನು ಸಭೆ ವಿಷಯ ಎತ್ತಲೇ ಇಲ್ವಲ್ಲ.”

ವೈದ್ಯ ಬೆನ್ನು ತಿರುಗಿಸಿ ಕೈ ತೊಳೆಯಲು ನಿಂತ. ನಲ್ಲಿ ಬಹಳ ಹೊತ್ತು ಸುರಿಯಿತು.

* * *

ಹೊರಗೆ ಆಕೆಯ ಕಾರು ನೆಲಕ್ಕೆ ಕುಕ್ಕರುಬಡಿದಿತ್ತು. ನಾಲ್ಕು ಚಕ್ರಗಳಲ್ಲೂ ಗಾಳಿಯಿಲ್ಲ.

ಎದುರಿನ ಗ್ಯಾರೇಜಿನವನು ಆಕೆ ಬರುವುದನ್ನು ನೋಡಿಯೇ ಸ್ಪ್ಯಾನರ್ ಕೆಳಗಿಟ್ಟ. “ಪಂಕ್ಚರ್ ಹಾಕಲ್ಲ.”

“ಅಂಗಡಿ ಮೇಲೆ ಪಂಕ್ಚರ್ ಅಂತಾನೇ ಬೋರ್ಡಿದೆ.”

“ಬೋರ್ಡನ್ನೇ ಕೇಳಿ, ಹಾಕುತ್ತೇನೋ.”

ಅಂಗಡಿಯೊಳಗೆ ಹಳೆಯ ಟೈರುಗಳ ಪಕ್ಕದಲ್ಲಿ ಅವನ ಹೆಂಡತಿ ಕುರ್ಚಿಯಲ್ಲಿ ಒರಗಿದ್ದಳು. ಮುಖ ಊದಿತ್ತು, ಮೊಣಕೈ ಒಳಗೆ ಬ್ಯಾಂಡೇಜು. ಆಕೆಯ ಕಣ್ಣು ಪತ್ತೇದಾರಿಣಿಯ ಮೇಲೇ ನೆಟ್ಟಿತ್ತು. ಸಿಟ್ಟಿಗೂ ಶಕ್ತಿ ಬೇಕು. ಆ ಹೆಂಗಸಿನಲ್ಲಿ ಅದು ಉಳಿದಿರಲಿಲ್ಲ. ಗಂಡ ಆ ಕೆಲಸವನ್ನೂ ತಾನೇ ಮಾಡುತ್ತಿದ್ದ.

“ಅವಳು ಈಗ ತಾನೇ ಆಸ್ಪತ್ರೆಯಿಂದ ಬಂದಳು. ಮೊದಲು ಇದಕ್ಕೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಿತ್ತು. ಬಸ್ಸಲ್ಲಿ ವಾಂತಿ ಮಾಡ್ಕೊಂಡು, ಸೀಟು ಕೊಡಿ ಅಂತ ಕಂಡೋರ ಕಾಲು ಹಿಡ್ಕೊಂಡು. ನೀವು ಮೂಗು ತೂರಿಸ್ತಿರೋದು ಎಲ್ಲಿ ಅಂತ ಗೊತ್ತಿದೆಯಾ?”

“ಒಬ್ಬ ಮನುಷ್ಯ ಸತ್ತಿದ್ದಾನಪ್ಪ.”

“ಕಾಲು ಜಾರಿ ಬಿದ್ದ. ಆವತ್ತಿನ ಸಭೆ ಮುಂದಕ್ಕೆ ಹೋಯ್ತು. ನನಗೆ ಗೊತ್ತಿರೋದು ಅಷ್ಟೇ.”

ಅದೇ ಮಾತು. ಅಕ್ಷರ ಆಚೀಚೆ ಆಗಿರಲಿಲ್ಲ. ಜಿಗಣೆ ಮೇಡಂ ಲಾಡ್ಜಿನವನ ಬಾಯಲ್ಲೂ ಇದನ್ನೇ ಕೇಳಿದ್ದಳು, ಹಾಲಿನ ಅಂಗಡಿಯಲ್ಲೂ. ಸುಳ್ಳು ಹೇಳುವವರು ಒಬ್ಬೊಬ್ಬರೂ ಒಂದೊಂದು ಥರ ಹೇಳುತ್ತಾರೆ. ಒಂದೇ ಥರ ಹೇಳಬೇಕಾದರೆ ಯಾರಾದರೂ ಕೂರಿಸಿಕೊಂಡು ಕಲಿಸಿರಬೇಕು.

ಸ್ಕೂಟರೊಂದು ಬಂದು ಪಕ್ಕದಲ್ಲಿ ನಿಂತಿತು. ಪುರಸಭೆಯ ಅಧ್ಯಕ್ಷೆ. ಮೊದಲು ಅದೇ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಹೆಂಗಸು. ಡಯಾಲಿಸಿಸ್ ಯಂತ್ರಕ್ಕಾಗಿ ಮಂತ್ರಿಗಳ ಕಚೇರಿ ಬಾಗಿಲಲ್ಲಿ ಕೂತು, ಅಲ್ಲಿಂದ ಎತ್ತಿ ಹಾಕಿಸಿಕೊಂಡು, ಕೊನೆಗೆ ಚುನಾವಣೆಗೆ ನಿಂತು ಗೆದ್ದವಳು. ಈಗಲೂ ಸೀರೆಯ ಸೆರಗನ್ನು ಕೆಲಸಕ್ಕೆ ಹೊರಟವಳಂತೆ ಬಿಗಿಯಾಗಿ ಸಿಕ್ಕಿಸುತ್ತಿದ್ದಳು.

“ಮೇಡಂ, ನಿಮ್ಮ ಮನೆ ಹತ್ರ ಆಸ್ಪತ್ರೆ ಇದೆಯಾ?”

“ಇದೆ.”

“ನಡ್ಕೊಂಡು ಹೋಗೋಷ್ಟು ಹತ್ರ?”

“ಹ್ಞೂಂ.”

“ಹಾಗಾದ್ರೆ ನಿಮಗೆ ನಾನೇನು ಹೇಳಿದ್ರೂ ತಲೆಗೆ ಹೋಗಲ್ಲ. ಮಧ್ಯಾಹ್ನ ಬಸ್ಸಿದೆ. ಕಾರನ್ನ ಆಮೇಲೆ ಕಳಿಸಿಕೊಡ್ತೀವಿ.”

“ಗಾಳಿ ತುಂಬಿಸಿ ಕಳಿಸ್ತೀರಾ, ಹೀಗೇನಾ?”

ಅಧ್ಯಕ್ಷೆಯ ತುಟಿ ಬಿಗಿಯಿತು. “ಈ ಊರಲ್ಲಿ ಎಷ್ಟು ಜನರ ಉಸಿರು ಆ ಜೌಗಿಗೆ ಕಟ್ಟಿಕೊಂಡಿದೆ ಗೊತ್ತಾ? ನಿಮ್ಮದೊಂದು ಕೇಸಿಗೆ ಇವರನ್ನೆಲ್ಲ ಬಲಿ ಕೊಡೋಕೆ ನಾನು ಬಿಡಲ್ಲ. ಕೇಳಿಸ್ತಾ?”

“ಕೇಳಿಸ್ತು. ಆದ್ರೆ ನೀವೊಬ್ಬರೇ ನೋಡಿ, ಸಭೆ ಮುಂದಕ್ಕೆ ಹೋಯ್ತು ಅಂತ ಹೇಳಲಿಲ್ಲ. ಮಿಕ್ಕವರೆಲ್ಲ ಬಾಯಿಪಾಠ ಒಪ್ಪಿಸಿದ್ರು.” ಜಿಗಣೆ ಮೇಡಂ ಒಂದು ಹೆಜ್ಜೆ ಮುಂದಿಟ್ಟಳು. “ಪಾಠ ಹೇಳಿಕೊಟ್ಟ ಟೀಚರ್ ನೀವೇನಾ?”

ಅಧ್ಯಕ್ಷೆ ಆಕೆಯನ್ನು ದುರುಗುಟ್ಟಿ ನೋಡಿದಳು. ಸ್ಕೂಟರ್ ತಿರುಗಿಸಿ ಜೌಗಿನ ಕಡೆಯ ರಸ್ತೆ ಹಿಡಿದಳು.

ಗ್ಯಾರೇಜಿನವನು ಅಂಗಡಿಯ ಬಾಗಿಲು ಎಳೆಯತೊಡಗಿದ. ನೋಡಿದರೆ ಪಕ್ಕದ ಅಂಗಡಿಯೂ ಮುಚ್ಚುತ್ತಿತ್ತು. ಹಾಡಹಗಲಲ್ಲಿ ಇಡೀ ಬೀದಿ ಒಂದೊಂದೇ ಬಾಗಿಲು ಹಾಕಿಕೊಂಡು ಎಲ್ಲಿಗೋ ಹೊರಡುತ್ತಿತ್ತು.

* * *

ಸತ್ತವನ ಕ್ವಾರ್ಟರ್ಸಿಗೆ ಆಕೆ ನಡೆದೇ ಹೋದಳು. ಬಾಗಿಲು ತೆರೆದಿತ್ತು. ಅಡುಗೆಮನೆಯಿಂದ ಬಿಸಿನೀರಿನ ಹಬೆ, ಸೋಪಿನ ವಾಸನೆ, ಅದರಡಿಯಲ್ಲಿ ಮತ್ತೊಂದು ವಾಸನೆ: ಮೀನಿನದು.

ಅವನ ಅಕ್ಕ ಫ್ರಿಜ್ಜಿನ ಮುಂದೆ ಮಂಡಿಯೂರಿ ಕೂತು ಫ್ರೀಜರನ್ನು ಉಜ್ಜುತ್ತಿದ್ದಳು. ಪಕ್ಕದಲ್ಲಿ ಥರ್ಮೋಕೋಲಿನ ಡಬ್ಬವೊಂದು ಚೂರುಚೂರಾಗಿ ಬಿದ್ದಿತ್ತು. ಕಿಟಕಿಯ ಮೊಳೆಯಲ್ಲಿ ತಮ್ಮನ ದುರ್ಬೀನು, ಮೂಲೆಯಲ್ಲಿ ಕೆಸರು ಒಣಗಿದ ಗಂಬೂಟು. ಆಕೆ ಆ ಯಾವುದನ್ನೂ ಇನ್ನೂ ಮುಟ್ಟಿರಲಿಲ್ಲ. ಮೊದಲು ಫ್ರೀಜರ್.

“ಪೂರ್ತಿ ಉಜ್ಜಬೇಡಿ,” ಎಂದಳು ಜಿಗಣೆ ಮೇಡಂ. “ನೀಲಿ ಪುಡಿ ನಿಮ್ಮ ಕೈಗೇ ಅಂಟಿದೆ.”

ಅಕ್ಕ ತಟ್ಟನೆ ಅಂಗೈ ನೋಡಿಕೊಂಡಳು. ನೋಡಿಕೊಂಡದ್ದೇ ತಪ್ಪಾಯಿತು. ಅಂಗೈ ಮೇಲೆ ಸೋಪಿನ ನೊರೆ ಬಿಟ್ಟರೆ ಏನೂ ಇರಲಿಲ್ಲ.

“ಮೊದಲ ದಿನ ನಿಮ್ಮ ಕೆಲಸ ಏನು ಅಂತ ಕೇಳಿದೆ. ಸರ್ಕಾರಿ ಕೆಲಸ ಅಂದ್ರಿ. ಯಾವ ಇಲಾಖೆ?”

“ನಾನು ದುಡ್ಡು ಕೊಟ್ಟು ಕರೆಸಿದ್ದು ನನ್ನ ತಮ್ಮನ್ನ ಕೊಂದವರನ್ನ ಹುಡುಕೋಕೆ. ನನ್ನ ಹಿಂದೆ ಬೀಳೋಕಲ್ಲ.”

“ಯಾವ ಇಲಾಖೆ?”

“ಮೃಗಾಲಯ!” ಆಕೆ ಬಟ್ಟೆಯನ್ನು ಬಕೆಟ್ಟಿಗೆ ಬಿಸಾಕಿದಳು. ಕೊಳೆ ನೀರು ಇಬ್ಬರ ಸೀರೆಗೂ ಹಾರಿತು. “ಮೃಗಾಲಯ. ನೀರುನಾಯಿಗಳಿಗೆ ಊಟ ಹಾಕೋದು ನಾನೇ. ಹಿಕ್ಕೆ ಎತ್ತೋದೂ ನಾನೇ. ಪ್ರತಿ ತಿಂಗಳು ಐಸಲ್ಲಿಟ್ಟು ಪಾರ್ಸೆಲ್ ಕಳಿಸಿದ್ದೂ ನಾನೇ. ಆಯ್ತಾ? ಹೊಟ್ಟೆ ತಣ್ಣಗಾಯ್ತಾ?”

“ಅರ್ಧ ಕಥೆ ಕೈಗಿಟ್ಟು, ಪೂರ್ತಿ ಕೊಲೆಗಾರನ್ನ ಹುಡುಕಿ ಕೊಡಿ ಅಂದ್ರಾ?”

“ಹೇಳಿದ್ರೆ ನೀವು ಬರ್ತಿದ್ರಾ? ಪೊಲೀಸರಿಗೆ ಹೇಳಿದ್ರೆ ನನ್ನೇ ಒಳಗೆ ಹಾಕ್ತಾರೆ. ನನಗೂ ಹೊಟ್ಟೆಪಾಡಿದೆ.”

“ನಿಮ್ಮ ಹೊಟ್ಟೆಪಾಡಿಗೆ ನಾನು ಊರಿನವರ ಕೈಲೆಲ್ಲ ಉಗಿಸಿಕೊಳ್ಳಬೇಕಿತ್ತು.”

“ನಿಮಗೆ ಉಗಿದ್ರು. ನನ್ನ ತಮ್ಮನ್ನ ನೀರಿಗೆ ಹಾಕಿದ್ರು!”

ಅಕ್ಕ ಹಾಗೇ ನೆಲದ ಮೇಲೆ ಕೂತಳು. ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಜಿಗಣೆ ಮೇಡಂ ಸ್ಟೂಲು ಎಳೆದುಕೊಂಡು ಎದುರಿಗೆ ಕೂತಳು. ಸಿಟ್ಟು ಇಳಿದಿರಲಿಲ್ಲ, ಆದರೆ ಕಾಯಲು ಆಕೆಗೆ ಬರುತ್ತಿತ್ತು.

“ಅವನು ಇಲ್ಲಿಗೆ ಬಂದಾಗ ನೀರುನಾಯಿ ಇತ್ತು,” ಎಂದಳು ಅಕ್ಕ ಕೊನೆಗೆ. “ಆಮೇಲೆ ಮಾಯವಾಯ್ತು. ಯಾಕೆ ಅಂತ ಗೊತ್ತಾಗಲಿಲ್ಲ. ಇಲ್ಲ ಅಂತ ಬರೆದುಬಿಡೋ, ನಿನಗ್ಯಾಕೆ ಅಂದೆ. ‘ಅಕ್ಕಾ, ನೀರುನಾಯಿ ಒಂದೇ ಹೋಗಿರೋದು. ಕೊಕ್ಕರೆ ಇದೆ, ಆಮೆ ಇದೆ, ಜೊಂಡಿನ ಕಪ್ಪೆ ಇದೆ. ನಾನು ಇಲ್ಲ ಅಂತ ಬರೆದ್ರೆ ಅನುದಾನ ನಿಲ್ಲುತ್ತೆ, ಕಾವಲು ಹೋಗುತ್ತೆ, ಮಣ್ಣು ತುಂಬಿಸಿ ಮಾರ್ಕೋತಾರೆ. ಮಿಕ್ಕಿದ್ದನ್ನ ಉಳಿಸೋಕೆ ಒಂದು ಸುಳ್ಳು,’ ಅಂದ. ತಮ್ಮ ಕೇಳಿದ ಅಂತ ಕಳಿಸಿದೆ.”

“ಊರಿನವರಿಗೆ ಈ ಪಾರ್ಸೆಲ್ ವಿಷಯ ಗೊತ್ತಿತ್ತಾ?”

“ಅಧ್ಯಕ್ಷೆಗೆ ಗೊತ್ತಿತ್ತು. ಗೊತ್ತಿಲ್ಲದೋಳ ಥರ ಇದ್ದಳು.”

“ಕೊನೆಗೆ ಅವನ ಮನಸ್ಸು ಚುಚ್ಚೋಕೆ ಶುರುವಾಯ್ತು. ನಿಜ ಬರೀತೀನಿ ಅಂದ. ಅದಕ್ಕೆ ಅವನನ್ನ ಮುಗಿಸಿದ್ರು. ಅದೇ ತಾನೇ?”

ಅಕ್ಕ ತಲೆಯೆತ್ತಿದಳು. ಆ ಮುಖದಲ್ಲಿ ವಿಚಿತ್ರವಾದ ಒಂದು ನಗೆ ಬಂದು ಹೋಯಿತು.

“ಮನಸ್ಸು ಚುಚ್ಚಿದ್ದಲ್ಲ ಮೇಡಂ. ಸತ್ತ ದಿನಾನೇ ಫೋನ್ ಮಾಡಿದ್ದ. ಚಿಕ್ಕೋನಿದ್ದಾಗ ಪರೀಕ್ಷೆ ಪಾಸಾದ್ರೆ ಹೇಗೆ ಕಿರುಚ್ತಿದ್ನೋ ಹಾಗೆ ಕಿರುಚಿದ. ‘ಅಕ್ಕಾ, ಇನ್ನು ಪಾರ್ಸೆಲ್ ಬೇಡ. ಅದು ಬಂದಿದೆ! ಹಳೇ ಪಂಪ್‌ಹೌಸ್ ಕೆಳಗೆ ಬಿಲ ಮಾಡಿದೆ. ಮರಿ ಹಾಕಿದೆ!’”

ಇಷ್ಟು ದಿನ ಜಿಗಣೆ ಮೇಡಂ ಕಟ್ಟಿಕೊಂಡು ಬಂದಿದ್ದೆಲ್ಲ ಆ ಒಂದು ಮಾತಿಗೆ ಉಲ್ಟಾ ಆಗಿತ್ತು.

“ನಿಜವಾದ ನೀರುನಾಯಿ ಬಂದ್ರೆ ಊರಿಗೆ ಖುಷಿಯಾಗಬೇಕಲ್ವಾ? ಸುಳ್ಳು ಹೇಳೋ ಕಷ್ಟ ತಪ್ಪಿತು. ಅನುದಾನ ಹಾಗೇ ಬರುತ್ತೆ.”

“ನಾನೂ ಹಾಗೇ ಅಂದ್ಕೊಂಡೆ. ಅವನೇ ತಿಳಿಸಿ ಹೇಳಿದ. ನೀರುನಾಯಿ ಸುಮ್ಮನೆ ಬಂದು ಹೋಗ್ತಿದ್ರೆ ಜೌಗು ಊರಿನದು, ಅನುದಾನ ಪುರಸಭೆಗೆ. ಅದು ಅಲ್ಲೇ ಮರಿ ಹಾಕಿದ್ರೆ ನಿಯಮ ಬೇರೆ. ಜೌಗು ಅಭಯಾರಣ್ಯ ಆಗುತ್ತೆ. ಅರಣ್ಯ ಇಲಾಖೆ ಬೇಲಿ ಹಾಕುತ್ತೆ, ಹಣಾನೂ ಅವರಿಗೇ. ಊರಿಗೆ ಬಿಡಿಗಾಸಿಲ್ಲ.”

“ಹಿಕ್ಕೆ ಬೇಕು, ನೀರುನಾಯಿ ಬೇಡ,” ಎಂದಳು ಜಿಗಣೆ ಮೇಡಂ ತನಗೆ ತಾನೇ.

“‘ಎಲ್ಲರನ್ನೂ ಕೂರಿಸಿ ಹೇಳ್ತೀನಿ, ಎಲ್ಲರೂ ಸೇರಿ ಸರ್ಕಾರಕ್ಕೆ ಕೇಳೋಣ, ನಿಯಮ ಬದಲಾಯಿಸೋಣ’ ಅಂದ. ಸಂಜೆ ಪುರಸಭೆಲಿ ಸಭೆ ಇತ್ತು. ಅಲ್ಲಿಗೆ ಹೋಗೋ ದಾರೀಲೇ ಫೋನ್ ಮಾಡಿದ್ದು. ನಾನು ಬೇಡ ಅಂದೆ. ‘ಒಳ್ಳೆ ಜನ ಅಕ್ಕ, ಕೇಳ್ತಾರೆ’ ಅಂದ.” ಆಕೆ ಒದ್ದೆ ಕೈಯಿಂದಲೇ ಮುಖ ಒರೆಸಿಕೊಂಡಳು. “ಕೇಳ್ತಾರೆ ಅಂದ.”

ಸಭೆ ಮುಂದಕ್ಕೆ ಹೋಗಿರಲಿಲ್ಲ. ಇಡೀ ಊರೇ ಅಲ್ಲಿ ಕೂತು ಅವನ ಮಾತು ಕೇಳಿತ್ತು.

ಮುಚ್ಚಿಕೊಳ್ಳುತ್ತಿದ್ದ ಅಂಗಡಿಗಳು ಜಿಗಣೆ ಮೇಡಂಳ ಕಣ್ಣಮುಂದೆ ಬಂದವು. ನಾಳೆ ಹೊಸ ಸಮೀಕ್ಷಕ ಬರುತ್ತಾನೆ. ಅಷ್ಟರೊಳಗೆ ಮರಿಗಳು ಇಲ್ಲವಾಗಬೇಕೆಂಬುದು ಊರಿನ ಲೆಕ್ಕ.

“ಏಳಿ,” ಎಂದು ಆಕೆ ಅಕ್ಕನ ರಟ್ಟೆ ಹಿಡಿದಳು. “ಪಂಪ್‌ಹೌಸ್ ಎಲ್ಲಿದೆ ತೋರಿಸಿ. ಓಡೋಕೆ ಬರುತ್ತಾ?”

* * *

ಹಳೆಯ ಪಂಪ್‌ಹೌಸ್ ಎಂದರೆ ಮೂರು ಗೋಡೆ ಮತ್ತು ಅರ್ಧ ಚಾವಣಿ. ಅದರ ಕೆಳಗೆ ದಂಡೆ ಕಡಿದಾಗಿ ನೀರಿಗೆ ಇಳಿದಿತ್ತು. ಇಬ್ಬರೂ ಜೊಂಡನ್ನು ಸೀಳಿಕೊಂಡು, ಸೊಂಟದವರೆಗೆ ಕೆಸರಾಗಿ ಅಲ್ಲಿಗೆ ಮುಟ್ಟಿದರು.

ಮರದ ಬೇರುಗಳ ನಡುವೆ ಬಿಲದ ಬಾಯಿ ಇರಬೇಕಿದ್ದ ಕಡೆ ಬೂದು ಬಣ್ಣದ ತೇಪೆಯೊಂದಿತ್ತು. ಜಿಗಣೆ ಮೇಡಂ ಬೆರಳಿಟ್ಟಳು. ಬೆರಳು ಒಳಗೆ ಇಳಿಯಿತು.

ಸಿಮೆಂಟು. ಇನ್ನೂ ಹಸಿ.

“ಶ್!” ಎಂದಳು ಅಕ್ಕ. ಕಿವಿಯನ್ನು ಮಣ್ಣಿಗೆ ಒತ್ತಿದಳು. ಒಳಗಿನಿಂದ ಸಣ್ಣ ಸಿಳ್ಳೆ ಕೇಳಿಸಿತು. ನಿಂತಿತು. ಮತ್ತೆ ಕೇಳಿಸಿತು. ಈ ಬಾರಿ ಎರಡು.

“ಮರಿಗಳು. ತಾಯೀನ ಕರೀತಿವೆ. ಹಸಿವಾದಾಗ ಹೀಗೇ ಕರೆಯೋದು.” ಆಕೆ ಹತ್ತೂ ಬೆರಳು ಹಾಕಿ ಕೆರೆಯತೊಡಗಿದಳು. ಮೇಲಿನ ಪದರ ಕಿತ್ತುಬಂತು. ಕೆಳಗೆ ಕಲ್ಲು ಜೋಡಿಸಿದ್ದರು, ಕಲ್ಲಿನ ಸಂದಿಗೆಲ್ಲ ಸಿಮೆಂಟು ತುರುಕಿದ್ದರು. ಉಗುರು ಮುರಿದು ರಕ್ತ ಬಂದರೂ ಆಕೆ ನಿಲ್ಲಿಸಲಿಲ್ಲ. ಜಿಗಣೆ ಮೇಡಂ ಒಂದು ಬಿದ್ದ ಇಟ್ಟಿಗೆ ಹುಡುಕಿ ಕಲ್ಲಿಗೆ ಕುಟ್ಟಿದಳು. ಇಟ್ಟಿಗೆಯೇ ಪುಡಿಯಾಯಿತು.

ಆಗ ಆಕೆಯ ತೊಡೆ ತಣ್ಣಗಾಯಿತು. ಮೊಣಕಾಲಿನಲ್ಲಿದ್ದ ನೀರು ತೊಡೆಗೆ ಏರಿತ್ತು.

“ಮೇಲಿನ ಕೆರೆ ತೂಬು ಎತ್ತಿದ್ದಾರೆ,” ಎಂದಳು.

ತಿರುಗಿ ನೋಡಿದಳು. ಜೊಂಡಿನಾಚೆ ಏರಿಯ ಮೇಲೆ ಊರು ನಿಂತಿತ್ತು. ಗ್ಯಾರೇಜಿನವನಿದ್ದ, ಲಾಡ್ಜಿನವನಿದ್ದ. ಹಾಲಿನ ಅಂಗಡಿಯವಳು ಮಗುವನ್ನು ಎತ್ತಿಕೊಂಡು ಬಂದಿದ್ದಳು. ಪಶುವೈದ್ಯ ಎಲ್ಲರಿಗಿಂತ ಹಿಂದೆ ನಿಂತು ನೆಲ ನೋಡುತ್ತಿದ್ದ. ಯಾರೂ ಕೂಗಲಿಲ್ಲ, ಯಾರೂ ಕಲ್ಲೆಸೆಯಲಿಲ್ಲ. ಸುಮ್ಮನೆ ನೋಡುತ್ತಿದ್ದರು.

“ತೂಬು ಇಳಿಸಿ!” ಜಿಗಣೆ ಮೇಡಂ ಏರಿಯ ಕಡೆ ಹತ್ತು ಹೆಜ್ಜೆ ಹಾಯ್ದು ಕೂಗಿದಳು. “ಒಳಗೆ ಜೀವ ಇದೆ! ಇಳಿಸ್ರೋ!”

ಮಗುವೊಂದು ಅತ್ತಿತು. ತಾಯಿ ಅದರ ಬಾಯಿ ಮುಚ್ಚಿದಳು.

ಜನರ ನಡುವೆ ದಾರಿಯಾಯಿತು. ಅಧ್ಯಕ್ಷೆ ಮುಂದೆ ಬಂದು, ತೂಬಿನವನ ಕೈಯಲ್ಲಿದ್ದ ಕಬ್ಬಿಣದ ಹಾರೆಯನ್ನು ಕಿತ್ತುಕೊಂಡಳು. ಅವನು ಏನೋ ಹೇಳಲು ಹೋದ. ಆಕೆ ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಬಿಟ್ಟು ನೀರಿಗಿಳಿದಳು. ಸೀರೆ ನೀರಿನ ಮೇಲೆ ಉಬ್ಬಿ ತೇಲಿತು. ಆಕೆ ಎಡವಿದಳು, ಎದ್ದಳು, ಮತ್ತೆ ನಡೆದಳು. ಹತ್ತಿರ ಬಂದಾಗ ಆಕೆಯ ಮುಖ ಬಿಳಿಚಿಕೊಂಡಿತ್ತು. ಅದು ಮರಿಗಳನ್ನು ಬಿಡಿಸಲು ಬಂದ ಮುಖವೋ, ತಮ್ಮಿಬ್ಬರನ್ನು ಮುಗಿಸಲು ಬಂದ ಮುಖವೋ ಜಿಗಣೆ ಮೇಡಂಗೆ ತಿಳಿಯಲಿಲ್ಲ. ಇಬ್ಬರ ನಡುವೆ ಆಳದ ಗುಂಡಿಯಿತ್ತು. ಜಿಗಣೆ ಮೇಡಂ ಅದನ್ನು ಬಳಸಿ ಹಾಯುವಷ್ಟರಲ್ಲಿ ಅಧ್ಯಕ್ಷೆ ದಂಡೆ ಮುಟ್ಟಿದ್ದಳು.

“ಪಕ್ಕಕ್ಕೆ ಸರಿಯಮ್ಮಾ,” ಎಂದಳು ಅಧ್ಯಕ್ಷೆ.

ಅಕ್ಕ ಸರಿಯಲಿಲ್ಲ. ಸೊಂಟಕ್ಕೆ ಏರಿದ್ದ ನೀರಿನಲ್ಲಿ ಬೆನ್ನನ್ನು ಬಿಲದ ಬಾಯಿಗೆ ಕೊಟ್ಟು ನಿಂತಳು.

“ನನ್ನ ತಮ್ಮನಿಗೂ ಇದನ್ನೇ ಹೇಳಿದ್ರಾ?”

ಏರಿಯ ಮೇಲೆ ಯಾರೋ ಅಧ್ಯಕ್ಷೆಯ ಹೆಸರು ಹಿಡಿದು ಕಿರುಚಿದರು. ಆಕೆ ತಿರುಗಲಿಲ್ಲ. ಎರಡೂ ಕೈಯಲ್ಲಿ ಹಾರೆಯನ್ನು ತಲೆಗಿಂತ ಮೇಲಕ್ಕೆ ಎತ್ತಿದಳು.